ಊದಿಕೊಟ್ಟ ಉಸಿರು

ಆ ಗಿರಣಿಯಲ್ಲಿ ಉಸಿರು ಕಡಿಮೆಯಾದವರನ್ನು ಮನೆಗೆ ಕಳಿಸುತ್ತಿದ್ದರು. ಕಳಿಸುವುದಕ್ಕೆ ಒಂದು ಒಳ್ಳೆಯ ಹೆಸರನ್ನೂ ಇಟ್ಟಿದ್ದರು: ವಿಶ್ರಾಂತಿ. ವಿಶ್ರಾಂತಿಗೆ ಹೋದವರು ಯಾರೂ ತಿರುಗಿ ಕೆಲಸಕ್ಕೆ ಬಂದದ್ದಿಲ್ಲ. ಕೆಲವರು ಮನೆಯ ಬಾಗಿಲಲ್ಲಿ ಮೊಣಕಾಲು ಹಿಡಿದು ಕೂತಿರುವುದು ದಾರಿಹೋಕರಿಗೆ ಕಾಣುತ್ತಿತ್ತು. ಆಮೇಲೆ ಅದೂ ಕಾಣುತ್ತಿರಲಿಲ್ಲ.

ಅದು ಕಲ್ಲನ್ನು ಹಿಟ್ಟು ಮಾಡುವ ಗಿರಣಿ. ಗುಡ್ಡದಿಂದ ಬಿಳಿಕಲ್ಲು ಬರುತ್ತದೆ. ಗಂಡಸರು ಸುತ್ತಿಗೆಯಿಂದ ಒಡೆಯುತ್ತಾರೆ. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಯಂತ್ರದ ಬಾಯಿಗೆ ಸುರಿಯುತ್ತಾರೆ. ಇನ್ನೊಂದು ತುದಿಯಲ್ಲಿ ಹಿಟ್ಟು ಸುರಿಯುತ್ತದೆ. ಅಲ್ಲಿ ಮತ್ತೆ ಹೆಂಗಸರು, ಚೀಲ ಹಿಡಿದು ನಿಂತವರು, ತುಂಬುವವರು, ಹೊಲಿಯುವವರು. ಆ ಹಿಟ್ಟು ಬಣ್ಣಕ್ಕೆ, ಗಾಜಿಗೆ, ಪಾತ್ರೆ ಉಜ್ಜುವ ಪುಡಿಗೆ ಹೋಗುತ್ತದಂತೆ. ಚೀಲಕ್ಕೆ ಬೀಳದೆ ಉಳಿದದ್ದು ಚೀಲ ಹಿಡಿದವರ ಎದೆಗೆ ಹೋಗುತ್ತದೆ. ಅದನ್ನು ಯಾವ ಅಂಗಡಿಯವನೂ ಕೇಳಿ ಪಡೆಯುವುದಿಲ್ಲ.

ಬುಟ್ಟಿ ಹೊರುವವರಲ್ಲಿ ಒಬ್ಬಳು ತಿದಿ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಅವಳ ಗಂಡನಿಗೂ ಮರೆತುಹೋಗಿತ್ತು. ಅಗಲ ಎದೆ, ಗಟ್ಟಿ ಭುಜ, ಯಂತ್ರದ ಸದ್ದನ್ನೂ ಮೀರಿ ಅಂಗಳದ ಆ ತುದಿಗೆ ಮುಟ್ಟುವ ಕಂಠ. ಕಮ್ಮಾರನ ಕುಲುಮೆಯ ತಿದಿಯ ಹಾಗೆ ಉಸಿರು ಬಿಡುತ್ತಾಳೆ ಎಂದು ಯಾರೋ ನಕ್ಕರು, ಅಲ್ಲಿಂದ ಅದೇ ಹೆಸರಾಯಿತು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಒಳಗೊಳಗೆ ಹೆಮ್ಮೆಯೇ ಇತ್ತು.

ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆ. ಮಾಲೀಕರು ಗೊತ್ತು ಮಾಡಿದ ಒಬ್ಬ ಮನುಷ್ಯ ಪೆಟ್ಟಿಗೆ ಹಿಡಿದುಕೊಂಡು ಬರುತ್ತಿದ್ದ. ಪೆಟ್ಟಿಗೆಗೆ ಒಂದು ಕೊಳವೆ, ಮೇಲೆ ಎರಡು ದೀಪ. ಬಾಯಿಟ್ಟು ಜೋರಾಗಿ ಊದಬೇಕು. ಹಸಿರು ಹತ್ತಿದರೆ ಕೆಲಸಕ್ಕೆ. ಕೆಂಪು ಹತ್ತಿದರೆ ವಿಶ್ರಾಂತಿಗೆ. ಆ ಮನುಷ್ಯ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೋಡಿದರೂ ಏನು ಕಾಣಬೇಕು? ಎಲ್ಲರೂ ಕಣ್ಣಿನವರೆಗೆ ಬಟ್ಟೆ ಸುತ್ತಿದವರು, ರೆಪ್ಪೆಯಿಂದ ಹಿಮ್ಮಡಿಯವರೆಗೆ ಬಿಳೀ ಹಿಟ್ಟು ಮೆತ್ತಿದವರು. ಕೊರಳಲ್ಲಿ ನೇತಾಡುವ ತಗಡಿನ ಬಿಲ್ಲೆಯ ನಂಬರನ್ನು ಕೂಗುತ್ತಿದ್ದ. ಬಿಲ್ಲೆ ಮುಂದೆ ಬರುತ್ತಿತ್ತು, ಊದುತ್ತಿತ್ತು, ಹೋಗುತ್ತಿತ್ತು.

ತನ್ನ ಬದಲಿಗೆ ಊದಿಕೊಡು ಎಂದು ಮೊದಲು ಕೇಳಿದವಳು ತಿದಿಯ ನಾದಿನಿ. ತಿದಿಯ ಗಂಡ ಲಾರಿಯವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಇದ್ದವರು ಇವರಿಬ್ಬರೇ, ಅತ್ತಿಗೆ ಒಬ್ಬಳು, ತನ್ನ ಗಂಡನನ್ನು ಬಿಟ್ಟು ಬಂದ ನಾದಿನಿ ಒಬ್ಬಳು. ಜಗಳಕ್ಕೂ ಅವರೇ, ರಾಜಿಗೂ ಅವರೇ. ನಾದಿನಿ ಚೀಲ ತುಂಬುವ ಕೋಣೆಯವಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹಾರುವ ಹಿಟ್ಟಿಗೆ ಎದುರಿಗೆ ನಿಂತವರ ಮುಖ ಕಾಣುತ್ತಿರಲಿಲ್ಲ. ಒಂದು ವರ್ಷದಿಂದ ಅವಳಿಗೆ ಒಣ ಕೆಮ್ಮು. ನಗುವುದಕ್ಕೆ ಶುರು ಮಾಡಿದರೆ ಅರ್ಧಕ್ಕೆ ನಿಲ್ಲಿಸುತ್ತಿದ್ದಳು.

ಪರೀಕ್ಷೆಯ ದಿನ ಸಾಲಿನಲ್ಲಿ ನಿಂತಾಗ ಅವಳು ತಿದಿಯ ಕಿವಿಯಲ್ಲಿ ಹೇಳಿದಳು.

"ಅತ್ತಿಗೆ, ನನ್ನ ಬಿಲ್ಲೆ ಹಾಕ್ಕೊಂಡು ನೀನೇ ಒಂದ್ಸಲ ಊದಿಬಿಡೇ."

"ನಿಂಗೇನು ಬಾಯಿಲ್ವಾ?"

"ಬಾಯಿದೆ. ಗಾಳಿ ಇಲ್ಲ."

ಇಬ್ಬರೂ ಬಟ್ಟೆಯೊಳಗೆ ನಕ್ಕರು. ತಿದಿ ಬಿಲ್ಲೆ ಬದಲಾಯಿಸಿಕೊಂಡಳು. ಊದಿದಳು. ಹಸಿರು ದೀಪ ಹತ್ತಿತು. ಅಂಗಳದ ಹಿಂದೆ ಹೋಗಿ ತನ್ನ ಬಿಲ್ಲೆ ಹಾಕಿಕೊಂಡು ಮತ್ತೆ ಬಂದು ಊದಿದಳು. ಮತ್ತೆ ಹಸಿರು. ಅಷ್ಟು ಸುಲಭವಾಗಿತ್ತು ಅದು.

ಇಂಥ ಸುದ್ದಿ ಹೆಂಗಸರ ನಡುವೆ ಎಷ್ಟು ಹೊತ್ತು ಗುಟ್ಟಾಗಿ ಉಳಿದೀತು? ಮುಂದಿನ ವರ್ಷ ಸಾಲಿನಲ್ಲಿದ್ದ ಅರ್ಧದಷ್ಟು ಬಿಲ್ಲೆಗಳು ತಿದಿಯ ಕೊರಳಿಗೆ ಬಂದು ಹೋದವು. ಸೂಜಿಯಜ್ಜಿ ಎಂಬ ಚೀಲ ಹೊಲಿಯುವ ಮುದುಕಿ ಅವಳ ಕೆನ್ನೆ ಹಿಡಿದು, "ನಮ್ಮನ್ನೆಲ್ಲ ಉಳಿಸಿದ್ಯಲ್ಲೇ ತಾಯಿ" ಎಂದಳು. ಮಧ್ಯಾಹ್ನದ ಹೊತ್ತು ನೆರಳಿರುವ ಒಂದೇ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟರು. ಅವಳ ಬುಟ್ಟಿಗೆ ಯಾರೋ ಕೈ ಕೊಡುವರು, ಅವಳ ನೀರಿನ ಮಗ್ಗು ಯಾರೋ ತುಂಬುವರು. ಕೆಲಸ ಮಾಡಿಸುವ ಮೇಸ್ತ್ರಿಯ ಕಣ್ಣಿಗೆ ಮಣ್ಣೆರಚಿದೆವು ಎಂದು ಎಲ್ಲರಿಗೂ ಖುಷಿ. ತಿದಿಗಂತೂ ಕೊಂಬು ಬಂದಿತ್ತು. ನನ್ನ ಉಸಿರಲ್ಲಿ ಇಷ್ಟು ಮನೆಗಳ ಒಲೆ ಉರಿಯುತ್ತದೆ ಎಂದು ನಾದಿನಿಯ ಮುಂದೆ ಜಂಬ ಕೊಚ್ಚಿಕೊಂಡಳು. ನಾದಿನಿ ಆ ಹೊತ್ತಿಗೆ ಗೋಡೆಗೆ ಒರಗಿ ಕೂತು ತಲೆ ಬಾಚುತ್ತಿದ್ದಳು. ಕೈ ಮೇಲೆತ್ತುವುದು, ಇಳಿಸಿ ಸುಧಾರಿಸಿಕೊಳ್ಳುವುದು, ಮತ್ತೆ ಎತ್ತುವುದು. ತಿದಿ ಅದನ್ನು ನೋಡಿದಳು. ನೋಡಿಯೂ ತನ್ನ ಜಂಬ ಮುಂದುವರಿಸಿದಳು.

ಆಮೇಲಾಮೇಲೆ ನಾದಿನಿಗೆ ಗಿರಣಿಯ ಏರು ಹತ್ತುವಾಗ ನಿಲ್ಲಬೇಕಾಯಿತು. ಚಪ್ಪಲಿ ಸರಿ ಮಾಡಿಕೊಳ್ಳುವ ನೆಪ ಮಾಡುತ್ತಿದ್ದಳು. ದಿನವೂ ಅದೇ ಜಾಗದಲ್ಲಿ ಚಪ್ಪಲಿ ಸರಿಯಿಲ್ಲದಂತಾದಾಗ ತಿದಿ ರೇಗಿದಳು. "ಸೋಮಾರಿತನ ಕಣೇ ನಿಂದು. ಬಿಲ್ಲೆಗೆ ನಾನು ಊದಬೇಕು, ಈಗ ಕಾಲಿಗೂ ನಾನೇ ನಡೀಬೇಕಾ?" ನಾದಿನಿ ಸುಮ್ಮನಿದ್ದಳು. ಮಾತಿಗೆ ಮಾತು ಕೊಡದೆ ಬಿಡದ ಹುಡುಗಿ ಸುಮ್ಮನಾದಳೆಂದರೆ ಅದೇ ದೊಡ್ಡ ರೋಗದ ಗುರುತು. ತಿದಿಗೆ ಅದು ಹೊಳೆಯಲಿಲ್ಲ. ಹೊಳೆಯಲು ಬಿಡಲಿಲ್ಲ ಎನ್ನುವುದೇ ಸರಿ.

ಮಲಗಿದರೆ ಉಸಿರು ಕಟ್ಟುತ್ತದೆ ಎಂದು ನಾದಿನಿ ಕೂತೇ ನಿದ್ದೆ ಮಾಡತೊಡಗಿದ ಮೇಲೆ ಇಬ್ಬರೂ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿಯೂ ಒಂದು ಕೊಳವೆ ಇತ್ತು. ನಾದಿನಿ ಊದಿದಳು. ಡಾಕ್ಟರಮ್ಮ ಇನ್ನೊಮ್ಮೆ ಎಂದಳು. ಮತ್ತೆ ಊದಿದಳು, ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ಎದೆಯ ಚಿತ್ರ ತೆಗೆಸಿದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ತೋರಿಸಿದಳು. ಕಪ್ಪಗಿರಬೇಕಾದ ಕಡೆಯೆಲ್ಲ ಬಿಳೀ ಚುಕ್ಕೆ. ತಿದಿಗೆ ಚೀಲದ ಕೋಣೆಯ ಗೋಡೆ ನೆನಪಾಯಿತು.

"ಗಿರಣಿಯಲ್ಲಿ ಉಸಿರಿನ ಪರೀಕ್ಷೆ ಮಾಡಲ್ವಾ?"

"ಮಾಡ್ತಾರೆ" ಎಂದಳು ನಾದಿನಿ.

"ಏನಂದ್ರು?"

"ಪಾಸು."

"ಹೋದ ವರ್ಷವೂ?"

"ಅದರ ಹಿಂದಿನ ವರ್ಷವೂ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟಳು. "ಶ್ವಾಸಕೋಶ ಹಿಂಗೆ ಒಂದೇ ವರ್ಷದಲ್ಲಿ ಕೆಡಲ್ಲಮ್ಮ. ನಿಧಾನಕ್ಕೆ ಕೆಡ್ತಾ ಬರುತ್ತೆ. ಆವಾಗಲೇ ಗೊತ್ತಾಗಿ ಧೂಳಿಂದ ದೂರ ಇದ್ದಿದ್ರೆ, ಪೂರ್ತಿ ವಾಸಿ ಆಗ್ತಿತ್ತು ಅಂತ ನಾನು ಹೇಳಲ್ಲ. ಇಷ್ಟು ಬೇಗ ಇಷ್ಟು ಆಗ್ತಿರ್ಲಿಲ್ಲ. ಆ ಯಂತ್ರ ಯಾಕೆ ಹಂಗೆ ತೋರಿಸ್ತೋ ನಂಗರ್ಥ ಆಗ್ತಿಲ್ಲ."

ತಿದಿಗೆ ಅರ್ಥವಾಗಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಸುಳ್ಳನ್ನು ಅದರ ಬಾಯಿಗೆ ಊದಿದವಳು ಅವಳು. ನಾದಿನಿಯ ಎದೆ ಎರಡು ವರ್ಷದ ಹಿಂದೆಯೇ ಕೂಗಿ ಹೇಳಲು ಹೊರಟಿತ್ತು. ಇವಳು ಮುಂದೆ ನುಗ್ಗಿ ಅದರ ಬಾಯಿ ಮುಚ್ಚಿಸಿದ್ದಳು. ಡಾಕ್ಟರಮ್ಮನ ಮುಂದೆ ಅದನ್ನು ಹೇಳಲು ನಾಲಗೆ ಏಳಲಿಲ್ಲ. ನಾದಿನಿಯೂ ಹೇಳಲಿಲ್ಲ. ಇಬ್ಬರೂ ಔಷಧಿಯ ಸಾಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತರು.

ಮರುದಿನ ತಿದಿ ಮೇಸ್ತ್ರಿಯ ಕೋಣೆಗೆ ಹೋದಳು. ಹೊಸ್ತಿಲಾಚೆ ನಿಲ್ಲಬೇಕು, ಒಳಗೆ ಕಾಲಿಟ್ಟರೆ ಹಿಟ್ಟು ಬೀಳುತ್ತದೆ ಎಂದು ಅವನು ಬೈಯುತ್ತಿದ್ದ. ಹೊರಗೇ ನಿಂತು, ನಾದಿನಿಯ ಎದೆ ಗಿರಣಿಯಿಂದಲೇ ಕೆಟ್ಟಿದೆ, ಔಷಧಿ ಗಿರಣಿಯವರೇ ಕೊಡಿಸಬೇಕು ಎಂದಳು.

ಮೇಸ್ತ್ರಿ ಹಲ್ಲು ಕಿರಿದ. "ನಿನ್ನ ನಾದಿನಿ ಉಸಿರು ಈ ಗಿರಣೀಲೇ ಮೊದಲನೇ ನಂಬರು. ಎರಡು ವರ್ಷ ಹಸಿರು ಬಿದ್ದಿದೆ. ಮನೇಲಿ ಒಲೆ ಹೊಗೆ ಜಾಸ್ತಿ ಇರ್ಬೇಕು ನೋಡು."

"ಅದು ಅವಳ ಉಸಿರಲ್ಲ ಸ್ವಾಮಿ."

"ಗೊತ್ತು."

"ಗೊತ್ತಿತ್ತಾ?"

"ನಾನೇನು ಕುರುಡ ಅನ್ಕೊಂಡ್ಯಾ? ಮುಖಕ್ಕೆ ಬಟ್ಟೆ ಸುತ್ಕೊಂಡ್ರೆ ಈ ಭುಜ ಎಲ್ಲಿ ಬಚ್ಚಿಡ್ತೀಯ? ಮೊದಲನೇ ವರ್ಷವೇ ನೋಡ್ದೆ. ಮಾಲೀಕರಿಗೂ ಹೇಳ್ದೆ. ಊದ್ಲಿ ಬಿಡು ಅಂದ್ರು. ನಮಗೂ ಹಸಿರೇ ಬೇಕಾಗಿದ್ದದ್ದು."

ಹೇಳಿದವನ ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ. ಊಟವಾಯಿತೇ ಎಂದು ಕೇಳುವಷ್ಟು ಸರಾಗವಾಗಿ ಹೇಳಿದ್ದ. ತಾವು ಮಾಡಿದ ಮೋಸ ತಮ್ಮದೇ ಎಂದು ಹೆಂಗಸರು ಬೀಗುತ್ತಿದ್ದರು. ಮೋಸದ ಲಾಭ ಹೊಸ್ತಿಲೊಳಗೆ ಕೂತವರದಾಗಿತ್ತು. ಯಾರ ಎದೆಯೂ ಕೆಟ್ಟಿಲ್ಲ, ನಮ್ಮ ಹಿಟ್ಟಿನಿಂದ ಒಂದು ಇರುವೆಗೂ ತೊಂದರೆಯಿಲ್ಲ ಎಂದು ಅವರು ತಿದಿಯ ಉಸಿರಿನಿಂದ ಊರಿಗೆಲ್ಲ ತೋರಿಸಿದ್ದರು.

ಮೇಸ್ತ್ರಿ ಇನ್ನೂ ಮುಗಿಸಿರಲಿಲ್ಲ. ಕೆಳಗಿನ ಬೀದಿಗಳವರು ದೂರು ಕೊಟ್ಟಿದ್ದರು. ಅವರ ಬಟ್ಟೆಗೆ, ತೊಟ್ಟಿಲಿಗೆ, ಕುಡಿಯುವ ನೀರಿಗೆ ಹಿಟ್ಟು ಬೀಳುತ್ತಿದೆಯಂತೆ, ಮಕ್ಕಳು ಕೆಮ್ಮುತ್ತಿದ್ದಾರಂತೆ. ಅದಕ್ಕೇ ಈ ಸಲ ಸರ್ಕಾರದ ಅಧಿಕಾರಿ ತನ್ನದೇ ಪೆಟ್ಟಿಗೆ ತರುತ್ತಿದ್ದ. "ಈ ಸಲವೂ ಎಲ್ಲರಿಗೂ ನೀನೇ ಊದು. ನಿನ್ನ ನಾದಿನಿ ನಂಬರೂ ಇದೆ, ಅವಳದನ್ನ ಮೊದಲು ಊದು. ಗಿರಣಿ ಉಳಿಯುತ್ತೆ, ಎಲ್ಲರ ಅನ್ನ ಉಳಿಯುತ್ತೆ. ನಿನ್ನನ್ನ ಆಫೀಸಿಗೆ ಹಾಕ್ತೀನಿ. ನೀರು ಕೊಡೋದು, ಟೇಬಲ್ ಒರೆಸೋದು. ಗಾಜಿನ ಬಾಗಿಲು, ಧೂಳೇ ಇಲ್ಲ."

ತಿದಿ ಆಗಲೇ ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಗಾಜಿನ ಬಾಗಿಲ ಹಿಂದೆ ಶುಭ್ರವಾದ ಬಟ್ಟೆ ತೊಟ್ಟು ನಿಂತ ತನ್ನ ರೂಪ ಅವಳ ಕಣ್ಣೆದುರು ಬಂತು. ಅಲ್ಲಿ ಉಸಿರು ಎಳೆದರೆ ಬರೀ ಉಸಿರೇ ಬರುತ್ತದೆ. ಆ ಆಸೆ ಎಷ್ಟು ಹೊತ್ತು ಇತ್ತೋ, ಅಷ್ಟು ಹೊತ್ತಿಗಾಗಿಯೂ ಅವಳು ಮುಂದೆ ತನ್ನನ್ನು ತಾನೇ ಶಪಿಸಿಕೊಂಡಳು. "ನೋಡ್ತೀನಿ" ಎಂದು ಹೇಳಿ ಬಂದಳು.

ಮನೆಗೆ ಬಂದವಳೇ ನಾದಿನಿಯ ಮುಂದೆ ಕೂತು ಎಲ್ಲ ಹೇಳಿದಳು. ಗಾಜಿನ ಬಾಗಿಲನ್ನೂ ಬಿಡಲಿಲ್ಲ. ನಾದಿನಿ ಎರಡು ದಿಂಬು ಒತ್ತಿಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು. ಕೊರಳ ಬುಡದ ಗುಳಿ ಉಸಿರಿಗೊಮ್ಮೆ ಒಳಗೆ ಹೋಗುತ್ತಿತ್ತು.

"ನಿನ್ನ ಕೊಂದವಳು ನಾನೇ ಕಣೇ" ಎಂದಳು ತಿದಿ.

"ಇನ್ನೂ ಸತ್ತಿಲ್ವಲ್ಲ" ಎಂದಳು ನಾದಿನಿ. ಸುಧಾರಿಸಿಕೊಂಡು ಮತ್ತೆ ಹೇಳಿದಳು. "ಊದು ಅಂತ ಕೇಳಿದ್ದು ನಾನೇ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅತ್ತಿಗೆ, ನೀನು ದೊಡ್ಡೋಳು. ಬೇಡ ಅನ್ಬಹುದಿತ್ತು. ನಾನು ನಿನ್ನ ಬೈಕೊಂಡು ಮನೇಲಿ ಬಿದ್ದಿರ್ತಿದ್ದೆ."

ಬೈದಿದ್ದರೆ, ಕೂದಲು ಹಿಡಿದು ಎಳೆದಿದ್ದರೆ ತಿದಿಗೆ ಎಷ್ಟೋ ಹಗುರವಾಗುತ್ತಿತ್ತು. ನಾದಿನಿ ಸಿಟ್ಟಿಲ್ಲದೆ ಹೇಳಿದ್ದಳು. ಅದು ಮುಳ್ಳಿನ ಹಾಗೆ ನಾಟಿತು. ಮನೇಲಿ ಬಿದ್ದಿದ್ದರೆ ತಿನ್ನುತ್ತಿದ್ದುದು ಏನು ಎಂದು ಕೇಳುವ ಮಾತು ತಿದಿಯ ಬಾಯಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಆ ಮಾತು ನಿಜವೇ. ಅದನ್ನು ಆಡುವ ಹಕ್ಕು ತನಗಿಲ್ಲ ಎನಿಸಿತು.

"ನನ್ನ ನಂಬರಿಗೆ ಈ ಸಲ ಯಾರೂ ಊದಬೇಡಿ" ಎಂದಳು ನಾದಿನಿ. "ನಾನೇ ಊದ್ತೀನಿ."

"ಬಾಗಿಲ ತನಕ ನಡಿಯೋಕಾಗಲ್ಲ ನಿಂಗೆ."

"ದಿನಾ ಅವರ ಕಲ್ಲು ಹೊರ್ತೀಯ. ಒಂದಿನ ನನ್ನ ಹೊರು."

ಪರೀಕ್ಷೆಯ ಬೆಳಿಗ್ಗೆ ತಿದಿ ಮುಖ ತೊಳೆದಳು. ಬಟ್ಟೆ ಸುತ್ತಿಕೊಳ್ಳಲಿಲ್ಲ. ನಾದಿನಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು, ಹೊದಿಕೆಯಿಂದ ಸೊಂಟಕ್ಕೆ ಬಿಗಿದುಕೊಂಡು ಏರು ಹತ್ತಿದಳು. ಬೀದಿಯವರು ಕೆಲಸ ಬಿಟ್ಟು ನೋಡಿದರು. ಯಾರೋ, ಆಸ್ಪತ್ರೆ ಆ ಕಡೆ ಇದೆಯಮ್ಮ ಎಂದರು. ಇವಳು ನಿಲ್ಲಲಿಲ್ಲ.

ಗಿರಣಿಯ ಅಂಗಳದಲ್ಲಿ ಮೇಜು ಹಾಕಿದ್ದರು. ಅಧಿಕಾರಿ ಕೂತಿದ್ದ, ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದ. ಹೆಂಗಸರ ಸಾಲು ತಿದಿಗಾಗಿ ಕಾಯುತ್ತಿತ್ತು, ಬಿಲ್ಲೆಗಳನ್ನು ಕಳಚಲು ಸಿದ್ಧವಾಗಿ. ಬರಿಮುಖದ ತಿದಿಯನ್ನೂ ಅವಳ ಬೆನ್ನ ಮೇಲಿನ ಹೊರೆಯನ್ನೂ ಕಂಡು ಸಾಲಿನಲ್ಲಿ ಪಿಸುಮಾತು ನಿಂತಿತು.

"ಇವಳಿಗೆ ಇವತ್ತು ಮೈ ಹುಷಾರಿಲ್ಲ ಸಾರ್, ಆಮೇಲೆ ನೋಡೋಣ" ಎಂದು ಮೇಸ್ತ್ರಿ ಅಡ್ಡ ಬಂದ.

"ಹುಷಾರಿಲ್ದೇ ಇರೋದನ್ನ ನೋಡೋಕೇ ಅಲ್ವಾ ಅವರು ಬಂದಿರೋದು" ಎಂದಳು ತಿದಿ. ಅವನನ್ನು ಭುಜದಿಂದ ಸರಿಸಿ ನಾದಿನಿಯನ್ನು ಕುರ್ಚಿಯ ಮೇಲಿಳಿಸಿದಳು.

ನಾದಿನಿ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಊದಿದಳು. ಅಂಗಳದಲ್ಲಿ ಯಂತ್ರ ನಿಲ್ಲಿಸಿದ್ದರು, ಅದಕ್ಕೇ ಅವಳ ಎದೆಯ ಸಿಳ್ಳೆ ಸಾಲಿನ ಕೊನೆಯವರಿಗೂ ಕೇಳಿಸಿತು. ಕೆಂಪು ದೀಪ ಹತ್ತಿತು. ಅಧಿಕಾರಿ ತನ್ನ ಹಾಳೆ ನೋಡಿದ, ಅವಳನ್ನು ನೋಡಿದ.

"ಹೋದ ವರ್ಷ ಚೆನ್ನಾಗಿತ್ತಲ್ಲ?"

"ಹೋದ ವರ್ಷ ಊದಿದ್ದು ನಾನು" ಎಂದಳು ತಿದಿ. "ಅದರ ಹಿಂದಿನ ವರ್ಷವೂ ನಾನೇ. ಇವರಿಗೆ ಗೊತ್ತಿತ್ತು." ಮೇಸ್ತ್ರಿಯ ಕಡೆ ಕೈ ತೋರಿಸಿದಳು.

"ಇನ್ನೂ ಯಾರ್‍ಯಾರಿಗೆ ಊದಿದ್ದೀಯ?"

ಸಾಲಿನವರು ತಿರುಗಿದರು. ಎಲ್ಲ ಕಣ್ಣೂ ಅವಳ ಮೇಲಿತ್ತು, ಹಾಗೆ ನೋಡಿದವರಲ್ಲಿ ಒಬ್ಬರಿಗೂ ಪ್ರೀತಿ ಇರಲಿಲ್ಲ. "ಅದನ್ನ ನಾನು ಹೇಳಲ್ಲ" ಎಂದಳು ತಿದಿ. "ಇನ್ಮೇಲೆ ಊದೋದೂ ಇಲ್ಲ."

ಸೂಜಿಯಜ್ಜಿಯ ನಂಬರು ಕೂಗಿದರು. ಅಜ್ಜಿ ತಿದಿಯ ತೋಳು ಹಿಡಿದುಕೊಂಡಳು. ಸಣ್ಣ ದನಿಯಲ್ಲಿ, "ಇದೊಂದ್ಸಲ ಕಣೇ. ನಂಗೆ ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ" ಎಂದಳು. ಒಂದು ಉಸಿರಿನ ಮಾತು. ಕೊಟ್ಟರೆ ಅಜ್ಜಿಗೆ ನಾಳೆಯ ಊಟವಿದೆ. ಅವಳು ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬೇಡ ಅಜ್ಜಿ. ನಂಗಾಗಲ್ಲ."

"ಹಾಳಾಗಿ ಹೋಗು" ಎಂದಳು ಅಜ್ಜಿ. ಮುಖದ ಬಟ್ಟೆ ಎಳೆದು ತೆಗೆದಳು. ಹಿಟ್ಟು ಮೆತ್ತಿದ ಹಣೆ, ಅದರ ಕೆಳಗೆ ಸುಕ್ಕುಗಟ್ಟಿದ ಬರಿಗೆನ್ನೆ. ಊದಿದಳು. ಕೆಂಪು. ಕೊಳವೆಯನ್ನು ಮೇಜಿನ ಮೇಲೆ ಕುಕ್ಕಿ ಮೇಸ್ತ್ರಿಯ ಕಡೆ ತಿರುಗಿದಳು. "ಸರಿ, ನನ್ನನ್ನೂ ವಿಶ್ರಾಂತಿಗೆ ಕಳಿಸು. ಇವರನ್ನೆಲ್ಲ ಕಳಿಸು. ಆಮೇಲೆ ಕಲ್ಲನ್ನ ನಿಮ್ಮಪ್ಪ ಬೀಸ್ತಾನಾ?"

ಯಾರೋ ನಕ್ಕರು. ನಗು ಕೆಮ್ಮಾಯಿತು. ಮುಂದಿನ ನಂಬರಿನವಳು ತಾನೇ ಮುಖದ ಬಟ್ಟೆ ಬಿಚ್ಚಿ ಮುಂದೆ ಬಂದಳು. ಅವಳ ಹಿಂದಿನವಳು ಬರಲಿಲ್ಲ, ಬಿಲ್ಲೆ ಮುಷ್ಟಿಯಲ್ಲಿಟ್ಟುಕೊಂಡು ಗೇಟಿನ ಕಡೆ ಹೊರಟುಹೋದಳು. ಹೋಗುವಾಗ ತಿದಿಯ ಕಾಲ ಬಳಿ ಉಗಿದಳು. ಅವಳ ಹಿಂದಿದ್ದವಳು ಬಂದಳು. ಕೆಂಪು. ಮತ್ತೊಬ್ಬಳು. ಕೆಂಪು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಮೇಸ್ತ್ರಿಗೆ, "ಮಾಲೀಕರನ್ನ ಕರೀರಿ" ಎಂದ.

ಮೇಸ್ತ್ರಿ ಓಡುವ ಮೊದಲು ತಿದಿಯ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ. "ಎಲ್ಲರ ಹೊಟ್ಟೆ ಮೇಲೆ ಹೊಡೆದ್ಯಲ್ಲ. ತೃಪ್ತಿ ಆಯ್ತಾ?"

ಅವಳಿಗೆ ತೃಪ್ತಿಯಾಗಿರಲಿಲ್ಲ. ಕಾಲ ಬಳಿಯ ಉಗುಳು ಇನ್ನೂ ಆರಿರಲಿಲ್ಲ. ಗಿರಣಿ ಮುಚ್ಚಿದರೆ ಈ ಹೆಂಗಸರು ಎಲ್ಲಿಗೆ ಹೋಗಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ಮುಚ್ಚದಿದ್ದರೆ ಎಲ್ಲಿಗೆ ಹೋಗುತ್ತಾರೆ ಎಂದು ಗೊತ್ತಿತ್ತು. "ನಾಳೆಯೂ ಬರ್ತೀನಿ. ನಮ್ಮ ಎದೆ ಕೆಡಿಸಿದ್ದಕ್ಕೆ ಏನು ಕೊಡ್ತೀರ ಅಂತ ಕೇಳೋಕೆ ಬರ್ತೀನಿ. ಗೇಟು ಹಾಕ್ಕೊಂಡ್ರೆ ಗೇಟಿನ ಹತ್ರ ಕೂರ್ತೀನಿ" ಎಂದಳು. ಬಗ್ಗಿ ನಾದಿನಿಯನ್ನು ಬೆನ್ನಿಗೇರಿಸಿಕೊಂಡಳು.

ಇಳಿಜಾರಿನಲ್ಲಿ ನಾದಿನಿ ಅವಳ ಕತ್ತಿನ ಹಿಂದೆ ಉಸಿರಾಡುತ್ತಿದ್ದಳು. ಬಿಸಿ, ಗಿಡ್ಡ ಉಸಿರು.

"ಕೆಂಪು ದೀಪ... ನೋಡಿದ್ಯಾ ಅತ್ತಿಗೆ?"

"ನೋಡ್ದೆ. ಮಾತಾಡ್ಬೇಡ, ಉಸಿರು ಉಳಿಸ್ಕೋ."

"ಅದು ನಂದು" ಎಂದಳು ನಾದಿನಿ. "ಎರಡು ವರ್ಷ... ನಿಂದು ಉರೀತು. ಇವತ್ತು... ನಂದು."

ತಿದಿ ಬೆನ್ನ ಭಾರವನ್ನು ಮೇಲಕ್ಕೆ ಸರಿಸಿಕೊಂಡಳು. ಕೈ ಎರಡೂ ನಾದಿನಿಯ ಕಾಲು ಹಿಡಿದಿದ್ದರಿಂದ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ. ಹೊತ್ತು ಅಭ್ಯಾಸವಿದ್ದ ಮೈಗೆ ಈ ಭಾರ ಏನೂ ಅಲ್ಲ. ಎರಡು ವರ್ಷದ ಹಿಂದೆ ಇದೇ ಹುಡುಗಿ ತಮಾಷೆಗೆ ಬೆನ್ನ ಮೇಲೆ ಹಾರಿದ್ದಾಗ ಇಬ್ಬರೂ ಮುಗ್ಗರಿಸಿ ಬಿದ್ದಿದ್ದರು. ಈಗ ಅರ್ಧ ಬುಟ್ಟಿ ಕಲ್ಲಿನಷ್ಟೂ ಇರಲಿಲ್ಲ. ಆ ಹಗುರವನ್ನೇ ಅವಳಿಗೆ ಹೊರಲಾಗುತ್ತಿರಲಿಲ್ಲ.